ಗುಲ್ಮ ತೆಗೆದ ಮಕ್ಕಳು

ನಮ್ಮ ದೊಡ್ಡಪ್ಪನ ಎಡಹೊಟ್ಟೆಯ ಮೇಲೆ, ಪಕ್ಕೆಲುಬು ಮುಗಿಯುವ ಕಡೆಯಿಂದ ಎರಡು ಬೆರಳು ಕೆಳಗೆ, ಮೂರು ಅಡ್ಡಗೆರೆಗಳಿದ್ದವು. ಹಳೆಯ ಸುಟ್ಟಗಾಯದ ಹೊಳಪು, ಸುತ್ತಲಿನ ಚರ್ಮಕ್ಕಿಂತ ತುಸು ಬಿಳುಪು. ಯುಗಾದಿಯ ಎಣ್ಣೆನೀರಿನ ದಿನ ಬಚ್ಚಲಲ್ಲಿ ಅವರ ಬೆನ್ನು ತಿಕ್ಕುವ ಕೆಲಸ ನನ್ನದು. ‘ಇದೇನು ದೊಡ್ಡಪ್ಪ?’ ಎಂದು ಕೇಳಿದ್ದಕ್ಕೆ, ‘ಚಿಕ್ಕವನಿದ್ದಾಗ ಗುಲ್ಮ ಎದ್ದಿತ್ತಂತೆ ಕಣೋ. ಅವ್ವ ಬರೆ ಹಾಕಿಸಿದ್ಲು’ ಎಂದರು. ಹಾಲುಹಲ್ಲು ಬಿದ್ದ ಸುದ್ದಿ ಹೇಳಿದಷ್ಟು ಹಗುರವಾಗಿ. ಬಳೆ ಚೂರು ಕಾಯಿಸಿ ಎಳೆದದ್ದೋ, ಕಬ್ಬಿಣದ ಕಡ್ಡಿಯೋ ಅವರಿಗೆ ನೆನಪಿರಲಿಲ್ಲ. ಇಬ್ಬರು ಕೈಕಾಲು ಹಿಡಿದಿದ್ದರು ಎಂಬುದು ಮಾತ್ರ ನೆನಪಿತ್ತು.

ನಮ್ಮ ಹೆಬ್ಬೂರು ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ ಸರಿಸುಮಾರು ನಡುವೆ ಸಿಗುವ ಹೋಬಳಿ ಊರು. ಹೊರಗಿನವರಿಗೆ ಅದು ಕೋದಂಡಾಶ್ರಮ ಮಠ, ಕಾಮಾಕ್ಷಿ ಶಾರದಾಂಬೆಯ ಗುಡಿಯಿಂದ ಗೊತ್ತು. ಒಳಗಿನವರಿಗೆ ತೆಂಗು, ಅಡಿಕೆ, ಹುಣಸೆ, ರಾಗಿ ಹೊಲ, ತೋಟಕ್ಕೊಂದು ಬಾವಿ. ಒಂದು ಕಡೆ ಗುಬ್ಬಿ ಸೀಮೆಯ ಕೆರೆಗಳು, ಇನ್ನೊಂದು ಕಡೆ ಹಾಡಿನಲ್ಲೇ ಹೆಸರಾದ ಕುಣಿಗಲ್ ಕೆರೆ. ಕೆರೆ ಕೋಡಿ ಬಿದ್ದ ವರ್ಷ ಊರಿಗೆ ಸಂಭ್ರಮ. ಅದರ ಹಿಂದೆಯೇ, ನೀರು ಹಿಂಜರಿದು ಅಂಚಿನಲ್ಲಿ ಗುಂಡಿಗುಂಡಿಯಾಗಿ ನಿಂತಾಗ, ಚಳಿಜ್ವರ. ಒಂದು ದಿನ ಬಿಟ್ಟು ಒಂದು ದಿನ ನಡುಗಿಸಿ, ಕಂಬಳಿ ಮೇಲೆ ಕಂಬಳಿ ಹೊದಿಸಿ, ಕೊನೆಗೆ ಬೆವರಿಸಿ ಬಿಟ್ಟುಹೋಗುವ ಜ್ವರ. ಹಾಗೆ ಹತ್ತಾರು ಸಲ ಬಂದುಹೋದ ಮೇಲೆ ಮಕ್ಕಳ ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಡೊಳ್ಳಾಗುತ್ತಿತ್ತು. ಎಡಗಡೆ ಒತ್ತಿದರೆ ಗಟ್ಟಿಯಾಗಿ ಏನೋ ಸಿಗುತ್ತಿತ್ತು. ಮಲೆನಾಡಿನವರು ಅದನ್ನು ಜ್ವರಗಡ್ಡೆ ಎನ್ನುತ್ತಿದ್ದರು. ನಮ್ಮ ಕಡೆ ಗುಲ್ಮ.

ಈ ಗುಲ್ಮ ಎಂಬ ಪದದ್ದೇ ಒಂದು ಕತೆ. ಆಯುರ್ವೇದದಲ್ಲಿ ಗುಲ್ಮವೆಂದರೆ ಹೊಟ್ಟೆಯಲ್ಲಿ ಗಂಟಿನಂತೆ ಏಳುವ ಒಂದು ಕಾಯಿಲೆ. ಅಂಗದ ಹೆಸರು ಪ್ಲೀಹ. ಅದು ಊದಿಕೊಂಡರೆ ಪ್ಲೀಹೋದರ, ಎಂಟು ಬಗೆಯ ಉದರ ರೋಗಗಳಲ್ಲಿ ಒಂದು. ಸುಶ್ರುತ ಅದಕ್ಕೆ ಎಡಗೈ ಮೊಣಕೈಯ ರಕ್ತನಾಳ ಸೀಳಿ ರಕ್ತ ಹರಿಸುವ ಚಿಕಿತ್ಸೆ ಹೇಳುತ್ತಾನೆ. ಕನ್ನಡದ ಮಂದಿ ಕಾಯಿಲೆಯ ಹೆಸರನ್ನೇ ಅಂಗಕ್ಕೂ ಕೊಟ್ಟುಬಿಟ್ಟರು. ಆರೋಗ್ಯವಂತನ ಗುಲ್ಮ ಕೈಗೆ ಸಿಗುವುದಿಲ್ಲ, ಎಡಗಡೆ ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ ಅಡಗಿ ಕುಳಿತಿರುತ್ತದೆ. ದೊಡ್ಡವರಲ್ಲಿ ಒಂದು ಮುಷ್ಟಿಯಷ್ಟು, ಸುಮಾರು 150 ಗ್ರಾಂ ತೂಕ. ಕೈಗೆ ಸಿಕ್ಕಾಗಲೆಲ್ಲ ಅದು ರೋಗವೇ ಆಗಿದ್ದರಿಂದ ರೋಗದ ಹೆಸರು ಅಂಟಿಕೊಂಡಿತೋ ಏನೋ. ಅದರ ನಿಜವಾದ ಕೆಲಸವೇನೆಂದು ಯಾರಿಗೂ ಹೊಳೆದಂತಿಲ್ಲ.

ಹೊಳೆಯದಿದ್ದದ್ದು ನಮಗೆ ಮಾತ್ರವಲ್ಲ. ರೋಮ್ ಸಾಮ್ರಾಜ್ಯದ ದೊಡ್ಡ ವೈದ್ಯ ಗ್ಯಾಲೆನ್ ಇದನ್ನು ರಹಸ್ಯ ತುಂಬಿದ ಅಂಗವೆಂದು ಕರೆದು ಕೈಮುಗಿದಿದ್ದ. ಗ್ರೀಕರ ಲೆಕ್ಕದಲ್ಲಿ ಅದು ಕಪ್ಪು ಪಿತ್ತದ ಮನೆ, ಮಂಕುತನದ ಮೂಲ. ಗುಲ್ಮ ದೊಡ್ಡದಿದ್ದರೆ ಓಡಲಾಗುವುದಿಲ್ಲ ಎಂದು ಪ್ಲಿನಿ ಬರೆದಿಟ್ಟ. ಹೀಗೆ ಸಾವಿರಾರು ವರ್ಷ ಅದರ ಮೇಲೆ ದೂರು ಹೇಳಿದವರೇ ಹೆಚ್ಚು.

ಬ್ರಿಟಿಷರ ಕಾಲದಲ್ಲಿ ಈ ಊದಿದ ಗುಲ್ಮಕ್ಕೆ ಕಚೇರಿಯಲ್ಲೂ ಕೋರ್ಟಿನಲ್ಲೂ ಸ್ಥಾನ ಸಿಕ್ಕಿತು. ಕೋರ್ಟಿನ ಕತೆ ಮೊದಲು ಹೇಳಿಬಿಡುತ್ತೇನೆ, ಅದು ಹೇಸಿಗೆಯದು. 1875ರ ಅಕ್ಟೋಬರಿನಲ್ಲಿ ಆಗ್ರಾದಲ್ಲಿ ಫುಲ್ಲರ್ ಎಂಬ ಇಂಗ್ಲಿಷ್ ವಕೀಲ, ಚರ್ಚಿಗೆ ಹೊರಡಲು ಗಾಡಿ ತಡವಾಯಿತೆಂದು ತನ್ನ ಕುದುರೆಯಾಳು ಕಟ್ವಾರೂನನ್ನು ಹೊಡೆದ. ಆಳು ಬಿದ್ದು ಸತ್ತ. ಶವ ಕುಯ್ದು ನೋಡಿದ ವೈದ್ಯರು ಗುಲ್ಮ ಒಡೆದಿದೆ, ಅದು ಮೊದಲೇ ಊದಿತ್ತು ಎಂದರು. ಮ್ಯಾಜಿಸ್ಟ್ರೇಟ್ 30 ರೂಪಾಯಿ ದಂಡ ಹಾಕಿ ಬಿಟ್ಟ. ಮರುವರ್ಷ ವೈಸ್‌ರಾಯ್ ಲಿಟ್ಟನ್ ಈ ತೀರ್ಪನ್ನು ಖಂಡಿಸಿ ಟಿಪ್ಪಣಿ ಬರೆದ. ಆಂಗ್ಲೋ ಇಂಡಿಯನ್ ಪತ್ರಿಕೆಗಳು ವೈಸ್‌ರಾಯ್ ಮೇಲೆಯೇ ಹರಿಹಾಯ್ದವು. ಮಲೇರಿಯಾದಿಂದ ಊದಿದ ಗುಲ್ಮ ಸಣ್ಣ ಏಟಿಗೂ ಒಡೆಯಬಹುದು, ಅದು ನಿಜ. ಆ ನಿಜವನ್ನೇ ಹೊಡೆದವರ ರಕ್ಷಣೆಗೆ ಬಳಸಿಕೊಂಡದ್ದು ಆ ಕಾಲದ ನ್ಯಾಯ. ತಪ್ಪು ಹೊಡೆದ ಕೈಯದಲ್ಲ, ಸತ್ತವನ ಗುಲ್ಮದ್ದು!

ಕಚೇರಿಯ ಕತೆಗೆ ಇನ್ನೂ ಮೂವತ್ತು ವರ್ಷ ಹಿಂದೆ ಹೋಗಬೇಕು. ಯಮುನಾ ನಾಲೆಗಳ ಅಂಚಿನ ಹಳ್ಳಿಗಳಲ್ಲಿ ಜ್ವರ ಏಕೆ ಹೆಚ್ಚು ಎಂದು ನೋಡಲು 1840ರ ದಶಕದಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ಅದರಲ್ಲಿದ್ದ ಸರ್ಜನ್ ಡೆಂಪ್‌ಸ್ಟರ್ ಒಂದು ಸರಳ ಉಪಾಯ ಕಂಡುಕೊಂಡ. ಯಾರಿಗೆ ಎಷ್ಟು ಸಲ ಜ್ವರ ಬಂತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೊಟ್ಟೆ ಸುಳ್ಳು ಹೇಳುವುದಿಲ್ಲ. ಊರಿನ ಜನರನ್ನು ಸಾಲು ನಿಲ್ಲಿಸು, ಎಡಪಕ್ಕೆಯಡಿ ಬೆರಳಿಟ್ಟು ಒತ್ತು, ನೂರಕ್ಕೆ ಎಷ್ಟು ಜನರ ಗುಲ್ಮ ಸಿಗುತ್ತದೋ ಅದೇ ಆ ಊರಿನ ಜ್ವರದ ಅಳತೆ. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಬಿಡಿಸಿದ್ದು 1897ರಲ್ಲಿ. ಅದಕ್ಕೆ ಅರ್ಧ ಶತಮಾನ ಮೊದಲೇ ಮಲೇರಿಯಾ ಅಳೆಯುವ ಕೋಲು ಸಿದ್ಧವಾಗಿತ್ತು. ಮುಂದೆ ಎರಡರಿಂದ ಒಂಬತ್ತು ವರ್ಷದ ಮಕ್ಕಳನ್ನೇ ನೋಡಬೇಕೆಂಬ ನಿಯಮ ಬಂತು. ಮೈಯಲ್ಲಿ ಪ್ರತಿರೋಧ ಬೆಳೆಸಿಕೊಂಡ ದೊಡ್ಡವರಲ್ಲಿ ಗುಲ್ಮ ಕುಗ್ಗಿರುತ್ತದೆ, ಮಕ್ಕಳದ್ದು ಊರಿನ ನಿಜಸ್ಥಿತಿ ಹೇಳುತ್ತದೆ.

ಈ ಕೋಲು ಮೈಸೂರು ಸೀಮೆಗೂ ಬಂತು. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಮಲೇರಿಯಾ ಕೆಲಸಕ್ಕೆ ಕೈಹಾಕಿತು. ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿ, ಮಲೆನಾಡಿನ ಮೂಡಿಗೆರೆ, ಬಯಲುಸೀಮೆಯ ಹಿರಿಯೂರುಗಳಲ್ಲಿ ಕೇಂದ್ರಗಳು ನಡೆದವು. 1929ರಲ್ಲಿ ಮಂಡ್ಯದಲ್ಲಿ ಆರೋಗ್ಯ ಘಟಕ ತೆರೆಯಿತು. ಇರ್ವಿನ್ ನಾಲೆಯ ನೀರು ಮಂಡ್ಯದ ಹೊಲಗಳಿಗೆ ಹರಿದ ಮೇಲೆ ಕಬ್ಬು, ಭತ್ತದ ಜೊತೆಗೆ ಚಳಿಜ್ವರವೂ ಹರಿದು ಬಂತು. ಡೆಂಪ್‌ಸ್ಟರ್ ಯಮುನಾ ನಾಲೆಯ ಬದಿಯಲ್ಲಿ ಕಂಡದ್ದೇ ಕಾವೇರಿ ನಾಲೆಯ ಬದಿಯಲ್ಲೂ ಆಯಿತು.

ಆ ಪರೀಕ್ಷೆ ಹೇಗಿರುತ್ತಿತ್ತು ಎಂದು ಕಣ್ಣಮುಂದೆ ತಂದುಕೊಳ್ಳುವುದು ಕಷ್ಟವಲ್ಲ. ಶಾಲೆಯ ಜಗಲಿ. ಹುಡುಗರು ಅಂಗಿ ಎತ್ತಿ ಸಾಲಾಗಿ ನಿಂತಿದ್ದಾರೆ, ಕಚಗುಳಿಗೆ ಕಿಸಕ್ಕನೆ ನಗುತ್ತಿದ್ದಾರೆ. ನಕ್ಕರೆ ಹೊಟ್ಟೆ ಬಿಗಿಯುತ್ತದೆ, ಬಿಗಿದರೆ ಗುಲ್ಮ ಸಿಗದು. ಹಾಗಾಗಿ ಹುಡುಗನನ್ನು ಬೆಂಚಿನ ಮೇಲೆ ಮಲಗಿಸಿ ಮೊಣಕಾಲು ಮಡಿಸಿ, ಉಸಿರೆಳೆದುಕೋ ಎನ್ನಬೇಕು. ಬೆರಳು ಹೊಟ್ಟೆಯ ಕೆಳಗಿನಿಂದ ಮೆಲ್ಲಗೆ ಎಡಪಕ್ಕೆಯ ಕಡೆಗೆ ಏರಬೇಕು. ಉಸಿರೆಳೆದಾಗ ಗುಲ್ಮದ ಅಂಚು ಕೆಳಗಿಳಿದು ಬೆರಳ ತುದಿಗೆ ತಾಕುತ್ತದೆ, ಒದ್ದೆ ಬಟ್ಟೆಯೊಳಗಿನ ಸೋಪಿನ ತುಂಡಿನಂತೆ ನುಣುಚಿ ಹೋಗುತ್ತದೆ. ಹೊಕ್ಕುಳ ಮಟ್ಟಕ್ಕೆ ಬಂದಿದೆಯೋ ಅದನ್ನೂ ದಾಟಿದೆಯೋ ನೋಡಿ 0ಯಿಂದ 5ರವರೆಗೆ ದರ್ಜೆ ಕೊಡುವ ಕ್ರಮವನ್ನು 1944ರಲ್ಲಿ ರಾಕ್‌ಫೆಲರ್‌ನವರೇ ಆದ ಹ್ಯಾಕೆಟ್ ಗೊತ್ತುಮಾಡಿದ. ನೂರಕ್ಕೆ ಐವತ್ತಕ್ಕಿಂತ ಹೆಚ್ಚು ಮಕ್ಕಳ ಗುಲ್ಮ ಕೈಗೆ ಸಿಕ್ಕರೆ ಅದು ಜ್ವರ ಬೇರುಬಿಟ್ಟ ಊರು.

ಅಲ್ಲಿಗೆ ಹೆಚ್ಚೂಕಡಿಮೆ ನೂರು ವರ್ಷ ಎಷ್ಟೋ ಮಕ್ಕಳ ಹೊಟ್ಟೆ ಒತ್ತಿ ಗುಲ್ಮ ಎಣಿಸಿದ್ದಾಯಿತು. ಈ ಅಂಗ ಮಗುವಿಗೆ ಏನು ಮಾಡಿಕೊಡುತ್ತದೆ ಎಂಬ ಪ್ರಶ್ನೆ ಆಗಲೂ ಹಾಗೆಯೇ ಇತ್ತು.

ಇದೇ ಹೊತ್ತಿಗೆ ಪಡುವಣದಲ್ಲಿ ಶಸ್ತ್ರವೈದ್ಯರು ಗುಲ್ಮವನ್ನು ತೆಗೆದು ಬಿಸಾಡಲು ಕಲಿತಿದ್ದರು. 1549ರಲ್ಲಿ ನೇಪಲ್ಸಿನ ಝಕ್ಕರೆಲ್ಲಿ ಒಬ್ಬ ಹೆಂಗಸಿನ ಗುಲ್ಮ ತೆಗೆದನೆಂದು ಹೇಳುತ್ತಾರೆ, ನಂಬದವರೂ ಇದ್ದಾರೆ. 1867ರಲ್ಲಿ ಪ್ಯಾರಿಸ್ಸಿನ ಪೆಆನ್ ತೆಗೆದದ್ದು, ರೋಗಿ ಬದುಕಿದ್ದು ಖಚಿತ. ಅರಿವಳಿಕೆ ಬಂತು, ಕ್ರಿಮಿನಾಶಕ ಬಂತು, ಗುಲ್ಮ ತೆಗೆಯುವುದು ಸಲೀಸಾಯಿತು. 1911ರಲ್ಲಿ ಸ್ವಿಟ್ಜರ್ಲೆಂಡಿನ ಥಿಯೋಡೋರ್ ಕೋಕರ್ ತನ್ನ ಶಸ್ತ್ರಚಿಕಿತ್ಸೆಯ ಪಠ್ಯದಲ್ಲಿ ಗುಲ್ಮಕ್ಕೆ ಪೆಟ್ಟಾದರೆ ಅದನ್ನು ತೆಗೆಯಲೇಬೇಕು, ತೆಗೆದರೆ ಕೆಡುಕೇನೂ ಇಲ್ಲ ಎಂಬ ಅರ್ಥದಲ್ಲಿ ಬರೆದ. ಎರಡು ವರ್ಷ ಮೊದಲಷ್ಟೇ ನೊಬೆಲ್ ಪಡೆದವನ ಮಾತು. ಯಾರು ಎದುರಾಡುತ್ತಾರೆ?

ಕೋಕರ್‌ಗೆ ಆ ಬಹುಮಾನ ಬಂದದ್ದು ಥೈರಾಯ್ಡ್ ಮೇಲಿನ ಕೆಲಸಕ್ಕೆ. ಆ ಗ್ರಂಥಿಯನ್ನು ಪೂರ್ತಿ ಕಿತ್ತುಹಾಕಿದ ತನ್ನದೇ ರೋಗಿಗಳು, ಅದರಲ್ಲೂ ಎಳೆಯರು, ವರ್ಷಗಳ ನಂತರ ಊದಿಕೊಂಡು ಮಂದಬುದ್ಧಿಯಾದದ್ದನ್ನು ಕಂಡು 1883ರಲ್ಲಿ ಆತ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದ. ಬೇಡವೆಂದು ಎಸೆದ ಅಂಗ ಬೇಕಾದದ್ದೇ ಆಗಿತ್ತು ಎಂಬ ಪಾಠ ಕಲಿತವನೇ ಗುಲ್ಮದ ವಿಷಯದಲ್ಲಿ ಅದನ್ನು ಮರೆತ. ಆತನನ್ನು ಜರಿಯುವುದಕ್ಕಲ್ಲ ಈ ಮಾತು. ಥೈರಾಯ್ಡ್ ತೆಗೆದವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಗುಲ್ಮ ತೆಗೆದ ಮಗು ಕೆಂಪಗೆ ಗುಂಡಗೆ ಆಡಿಕೊಂಡಿರುತ್ತಿತ್ತು. ಒಂದು ದಿನ ಜ್ವರದಿಂದ ಸತ್ತರೆ ಜ್ವರದಿಂದ ಸತ್ತಿತು ಎಂದಷ್ಟೇ ಬರೆಯುತ್ತಿದ್ದರು. ಜ್ವರದಿಂದ ಮಕ್ಕಳು ಸಾಯುವುದು ಆಗ ಸುದ್ದಿಯೇ ಅಲ್ಲ.

1919ರಲ್ಲಿ ನ್ಯೂಯಾರ್ಕಿನ ಮಾರಿಸ್ ಮತ್ತು ಬುಲಕ್ ಇಲಿಗಳ ಗುಲ್ಮ ತೆಗೆದು, ಇಲಿಗಳಿಗೆ ಬರುವ ಪ್ಲೇಗಿನಂಥ ಸೋಂಕು ತಗುಲಿಸಿ ನೋಡಿದರು. ಗುಲ್ಮವಿಲ್ಲದ ಇಲಿಗಳು ಹೆಚ್ಚು ಸತ್ತವು. ಮನುಷ್ಯರಿಗೂ ಹೀಗೇ ಆಗಬಹುದು, ಎಚ್ಚರ ಎಂದು ಬರೆದರು. ಇಲಿಗಳ ಮಾತು ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವತ್ತಮೂರು ವರ್ಷ ಕಳೆಯಿತು.

ನಮ್ಮ ಕತೆ ತಿರುಗುವುದು 1952ರಲ್ಲಿ, ಅಮೆರಿಕದ ಇಂಡಿಯಾನಾದಲ್ಲಿ. ಕೆಂಪು ರಕ್ತಕಣಗಳು ತಟ್ಟೆಯಂತಿರುವ ಬದಲು ಚೆಂಡಿನಂತೆ ಹುಟ್ಟುವ ಒಂದು ವಂಶವಾಹಿ ಕಾಯಿಲೆಯಿದೆ. ಗುಲ್ಮದ ಕಿರಿದಾದ ಸಂದಿಗಳಲ್ಲಿ ನುಸುಳಲಾಗದೆ ಆ ಕಣಗಳು ಅಲ್ಲೇ ನಾಶವಾಗುತ್ತವೆ. ಮಗು ಬಿಳಿಚುತ್ತದೆ, ಕಣ್ಣು ಹಳದಿಯಾಗುತ್ತದೆ. ಗುಲ್ಮ ತೆಗೆದರೆ ರಕ್ತಹೀನತೆ ಮಾಯ. ಆರು ತಿಂಗಳೂ ತುಂಬದ ಐದು ಕೂಸುಗಳಿಗೆ ಹೀಗೆ ಶಸ್ತ್ರಚಿಕಿತ್ಸೆಯಾಗಿತ್ತು. ರಕ್ತ ಸರಿಹೋಯಿತು, ತಾಯಂದಿರು ಎತ್ತಿಕೊಂಡು ಮನೆಗೆ ಹೋದರು. ಮುಂದೆ ಒಂದೊಂದಾಗಿ ಆ ಕೂಸುಗಳು ಮಿದುಳುಪೊರೆಯ ಉರಿಯೂತ, ರಕ್ತಕ್ಕೇ ಹರಡಿದ ಸೋಂಕು ಎಂದು ಮರಳಿ ಬಂದವು. ಇಬ್ಬರು ಉಳಿಯಲಿಲ್ಲ. ಹೆರಾಲ್ಡ್ ಕಿಂಗ್ ಮತ್ತು ಹ್ಯಾರಿಸ್ ಶೂಮಾಕರ್ ಎಂಬ ಶಸ್ತ್ರವೈದ್ಯರು ಈ ಐದು ಕೂಸುಗಳ ಕತೆಯನ್ನು ಒಟ್ಟಿಗಿಟ್ಟು, ಇದು ಕಾಕತಾಳೀಯವಲ್ಲ, ಗುಲ್ಮ ಹೋದದ್ದೇ ಕಾರಣವಿರಬೇಕು ಎಂದು ಪ್ರಕಟಿಸಿದರು. ಐದೇ ಮಕ್ಕಳು! ಇಷ್ಟು ಚಿಕ್ಕ ಲೆಕ್ಕ ಇಷ್ಟು ದೊಡ್ಡ ನಂಬಿಕೆಯನ್ನು ಅಲುಗಿಸಿದ್ದು ವೈದ್ಯಕೀಯದ ಇತಿಹಾಸದಲ್ಲಿ ಅಪರೂಪ.

ಒಪ್ಪಿಕೊಳ್ಳಲು ಮತ್ತೆ ಇಪ್ಪತ್ತು ವರ್ಷ ಹಿಡಿಯಿತು. ದೊಡ್ಡವರಿಗೆ ಹೀಗಾಗುತ್ತಿಲ್ಲವಲ್ಲ, ಮೂಲ ಕಾಯಿಲೆಯಿಂದಲೇ ಆಗಿರಬಹುದಲ್ಲ ಎಂಬ ವಾದಗಳು ನಡೆದವು. 1962ರಲ್ಲಿ ಮೆಲ್ಬರ್ನಿನಿಂದ, 1967ರಲ್ಲಿ ಬಾಸ್ಟನ್ನಿನಿಂದ ವರದಿಗಳು ಬಂದವು. 1973ರಲ್ಲಿ ಸಿಂಗರ್ ಎಂಬ ವೈದ್ಯ ಅಲ್ಲಿಯವರೆಗಿನ ಸುಮಾರು 2,800 ರೋಗಿಗಳ ದಾಖಲೆ ಕೂಡಿಸಿ ನೋಡಿದಾಗ ನೂರಕ್ಕೆ ನಾಲ್ವರಿಗೂ ಮಿಕ್ಕಿ ರಕ್ತದ ಸೋಂಕು ತಗುಲಿತ್ತು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತಿದ್ದರು. ಪೆಟ್ಟಾಗಿ ಗುಲ್ಮ ಕಳೆದುಕೊಂಡವರಿಗೆ ಅಪಾಯ ಕಡಿಮೆ, ಥಲಸ್ಸೀಮಿಯಾದಂಥ ರಕ್ತದ ಕಾಯಿಲೆಗೆ ತೆಗೆಸಿಕೊಂಡವರಿಗೆ ತೀರ ಹೆಚ್ಚು. ವಯಸ್ಸು ಎಳೆಯದಾದಷ್ಟೂ ಹೆಚ್ಚು.

ನೂರಕ್ಕೆ ನಾಲ್ಕು ಎಂದರೆ ಸಣ್ಣದೆನಿಸಬಹುದು. ಆ ನಾಲ್ಕು ಹೇಗೆ ಬರುತ್ತದೆಂದು ನೋಡಬೇಕು. ಬೆಳಿಗ್ಗೆ ಮಗುವಿಗೆ ಮೈ ಬೆಚ್ಚಗಿದೆ, ತಿಂಡಿ ಬೇಡ ಅನ್ನುತ್ತದೆ. ಶೀತ ಇರಬೇಕು ಎಂದು ಕಷಾಯ ಕೊಟ್ಟು ಮಲಗಿಸುತ್ತಾರೆ. ಹನ್ನೆರಡಕ್ಕೆ ವಾಂತಿ, ತಲೆನೋವು. ಮೂರಕ್ಕೆ ಕೈಕಾಲು ತಣ್ಣಗೆ, ಕರೆದರೆ ಓಗೊಡುವುದು ನಿಧಾನ. ಸಂಜೆಯ ಹೊತ್ತಿಗೆ ಚರ್ಮದ ಮೇಲೆ ನೇರಳೆ ಕಲೆಗಳು. ರಾತ್ರಿ ರಕ್ತದೊತ್ತಡ ಸಿಗುವುದಿಲ್ಲ. ಒಂದೆರಡು ದಿನದಲ್ಲಿ ಎಲ್ಲ ಮುಗಿದುಬಿಡುತ್ತದೆ, ಎಷ್ಟೋ ಸಲ ಅಷ್ಟೂ ಹೊತ್ತು ಹಿಡಿಯುವುದಿಲ್ಲ. ಹೆಚ್ಚಿನ ಪಾಲು ಇದರ ಕಾರಣ ನ್ಯೂಮೊಕಾಕಸ್. ಆಮೇಲೆ ಮೆನಿಂಗೊಕಾಕಸ್, ಹಿಬ್ ಎಂದು ಕರೆಯುವ ಹೀಮೋಫಿಲಸ್. ಉಳಿದ ಮಕ್ಕಳ ಮೂಗು ಗಂಟಲಲ್ಲಿ ಸುಮ್ಮನೆ ಕುಳಿತಿರಬಲ್ಲ ಕ್ರಿಮಿಗಳೇ ಇವು.

ಗುಲ್ಮ ಮಾಡುವ ಕೆಲಸ ಈಗ ತಿಳಿದಿದೆ. ಹೃದಯ ಹೊರದೂಡುವ ರಕ್ತದಲ್ಲಿ ನೂರಕ್ಕೆ ಸುಮಾರು ಐದು ಪಾಲು ಈ ಮುಷ್ಟಿಯಷ್ಟು ಅಂಗದ ಮೂಲಕ ಹಾಯುತ್ತದೆ. ಅಲ್ಲಿ ರಕ್ತದ ನಡಿಗೆ ನಿಧಾನ, ಜರಡಿ ಸಣ್ಣ. ಮುದಿಯಾದ ಕಣಗಳು ಸೋಸಿ ಹೋಗುತ್ತವೆ. ಕಣದೊಳಗೆ ಉಳಿದ ಕಸವನ್ನು ಕಣ ಒಡೆಯದಂತೆ ಹಿಂಡಿ ತೆಗೆಯಲಾಗುತ್ತದೆ. ಗುಲ್ಮವಿಲ್ಲದವರ ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪುಕಣಗಳಲ್ಲಿ ಸಾಸಿವೆಯಂಥ ಕಪ್ಪು ಚುಕ್ಕಿ ಕಾಣುತ್ತದೆ. ಹೋವೆಲ್ ಮತ್ತು ಜಾಲಿ ಗುರುತಿಸಿದ ಆ ಚುಕ್ಕಿ, ಗುಡಿಸುವವರಿಲ್ಲದ ಅಂಗಳದ ಕಸ. ಆದರೆ ಮಗುವಿಗೆ ಮುಖ್ಯವಾದ ಕೆಲಸ ಬೇರೆ. ಆ ಮೂರೂ ಕ್ರಿಮಿಗಳು ಸಕ್ಕರೆಯ ನಾರಿನ ಕವಚ ತೊಟ್ಟಿರುತ್ತವೆ, ಬಿಳಿಕಣಗಳ ಹಿಡಿತದಿಂದ ಜಾರುತ್ತವೆ. ಅವುಗಳ ಮೇಲೆ ಪ್ರತಿಕಾಯದ ಗುರುತು ಅಂಟಿಸಿದರೆ ಪಿತ್ತಜನಕಾಂಗವೂ ಅವನ್ನು ಹಿಡಿಯಬಲ್ಲದು. ಮೊದಲ ಸಲ ಎದುರಾದ ಕವಚದ ಕ್ರಿಮಿಗೆ ಬೇಗ ಗುರುತು ಅಂಟಿಸುವ ಜೀವಕೋಶಗಳು ಗುಲ್ಮದಲ್ಲಿವೆ, ಗುರುತಿಲ್ಲದೆಯೂ ಹಿಡಿಯುವ ಕಸುವು ಹೆಚ್ಚಾಗಿ ಗುಲ್ಮಕ್ಕೇ ಉಂಟು. ದೊಡ್ಡವರು ಈ ಕ್ರಿಮಿಗಳನ್ನು ಎಷ್ಟೋ ಸಲ ಎದುರಿಸಿ ಪ್ರತಿಕಾಯ ಕೂಡಿಟ್ಟಿರುತ್ತಾರೆ. ಕೂಸಿನ ಬಳಿ ಆ ಗಂಟಿಲ್ಲ. ಎರಡು ವರ್ಷದೊಳಗಿನ ಮಕ್ಕಳ ಮೈ ಸಕ್ಕರೆ ಕವಚಕ್ಕೆ ಪ್ರತಿಕಾಯ ಮಾಡುವುದನ್ನೇ ಸರಿಯಾಗಿ ಕಲಿತಿರುವುದಿಲ್ಲ. ಇಂಡಿಯಾನಾದ ಆ ಐದು ಕೂಸುಗಳು ಸಿಕ್ಕಿಬಿದ್ದದ್ದು ಇಲ್ಲೇ.

ಹಾಗಾದರೆ ಮರದಿಂದ ಬಿದ್ದ ಹುಡುಗನ ಗತಿಯೇನು? ನಮ್ಮ ಕಡೆ ಇದು ಪುಸ್ತಕದ ಪ್ರಶ್ನೆಯಲ್ಲ. ಹುಣಸೆ ಬಡಿಯಲು ಹತ್ತಿದವನು, ಹಲಸಿನ ಕೊಂಬೆ ಮುರಿದು ಬಿದ್ದವನು, ಸೈಕಲ್ ಹ್ಯಾಂಡಲ್ ಹೊಟ್ಟೆಗೆ ಹೊಡೆಸಿಕೊಂಡವನು ಪ್ರತಿ ಊರಲ್ಲೂ ಒಬ್ಬ ಸಿಗುತ್ತಾನೆ. ಕೋಕರ್ ಹೇಳಿದ ಪ್ರಕಾರ ಹೊಟ್ಟೆ ತೆರೆದು ಗುಲ್ಮ ತೆಗೆಯುವುದೇ ಅರವತ್ತು ವರ್ಷ ಎಲ್ಲೆಡೆ ನಡೆದ ಕ್ರಮ. ಅದನ್ನು ಬದಲಿಸಿದವರಲ್ಲಿ ಒಬ್ಬರು ನಮ್ಮ ದೇಶದವರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಪುರುಷೋತ್ತಮ ಉಪಾಧ್ಯಾಯ, ಮುಂದೆ ದೆಹಲಿಯ ಏಮ್ಸ್‌ನಲ್ಲಿ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗ ಬೆಳೆಸಿದವರು. ಟೊರೊಂಟೋದ ಮಕ್ಕಳ ಆಸ್ಪತ್ರೆಯಲ್ಲಿ ಸಿಂಪ್ಸನ್ ಎಂಬವರ ಜೊತೆ ಹಳೆಯ ಕಡತಗಳನ್ನು ತೆಗೆದು ನೋಡಿ, ಗುಲ್ಮಕ್ಕೆ ಪೆಟ್ಟಾದ ಮಕ್ಕಳಲ್ಲಿ ಕತ್ತಿ ಮುಟ್ಟಿಸದೆ ಕಾದು ನೋಡಿದವರೂ ಚೆನ್ನಾಗಿ ಬದುಕಿದ್ದಾರೆ ಎಂದು 1968ರಲ್ಲಿ ತೋರಿಸಿದರು. ಅದೇ ವರ್ಷ ಅವರ ಇನ್ನೊಂದು ಪ್ರಬಂಧ ಬಂತು. ಕೋತಿಗಳ ಗುಲ್ಮಕ್ಕೆ ಗಾಯ ಮಾಡಿ ಅದು ತಾನಾಗಿಯೇ ಕೂಡಿಕೊಳ್ಳುವುದನ್ನು ಪರೀಕ್ಷಿಸಿದ ಕೆಲಸ ಅದು. ಮಕ್ಕಳ ಗುಲ್ಮದ ಹೊರಚೀಲ ದೊಡ್ಡವರದ್ದಕ್ಕಿಂತ ಗಟ್ಟಿ, ಸೀಳು ಹೆಚ್ಚಾಗಿ ಅಡ್ಡಕ್ಕೆ, ದೊಡ್ಡ ರಕ್ತನಾಳಗಳ ನಡುವೆ ಹಾಯುತ್ತದೆ, ರಕ್ತ ತಾನೇ ನಿಲ್ಲುವುದುಂಟು.

ಮೊದಮೊದಲು ಇದನ್ನು ಹುಚ್ಚು ಧೈರ್ಯವೆಂದರು. ಒಳಗೆ ರಕ್ತ ಸುರಿಯುತ್ತಿರುವಾಗ ಕೈಕಟ್ಟಿ ಕೂರುವುದೇ? ಸಿ.ಟಿ. ಸ್ಕ್ಯಾನ್ ಬಂದು ಹೊಟ್ಟೆ ತೆರೆಯದೆ ಒಳಗೆ ನೋಡುವಂತಾದ ಮೇಲೆ ಆ ಮಾತು ನಿಂತಿತು. ಈಗ ಮಗುವಿನ ನಾಡಿ, ರಕ್ತದೊತ್ತಡ ಏರುಪೇರಿಲ್ಲದೆ ಇದ್ದರೆ ಗುಲ್ಮ ಉಳಿಸುವುದೇ ಎಲ್ಲ ಕಡೆಯ ನಿಯಮ. ಹಾಸಿಗೆಯಲ್ಲಿ ಮಲಗಿಸಿ, ಗಂಟೆಗಂಟೆಗೂ ನೋಡಿ, ಬೇಕಾದರೆ ರಕ್ತ ಕೊಡುವುದು. ತೆಗೆಯಲೇಬೇಕಾದ ಮಕ್ಕಳು ಈಗ ಕಡಿಮೆ.

ಕತ್ತಿ ಮುಟ್ಟದೆಯೂ ಗುಲ್ಮ ಕಳೆದುಕೊಳ್ಳುವ ಮಕ್ಕಳಿದ್ದಾರೆ. ಇಂಡಿಯಾನಾದ ವರದಿ ಬಂದ 1952ರಲ್ಲೇ ಲೇಮನ್ ಮತ್ತು ಕಟ್‌ಬುಶ್ ಎಂಬಿಬ್ಬರು ನೀಲಗಿರಿಯ ಬುಡಕಟ್ಟುಗಳ ರಕ್ತದಲ್ಲಿ ಕುಡುಗೋಲಿನಾಕಾರದ ಕಣ ಕಂಡರು, ಭಾರತದಲ್ಲಿ ಸಿಕಲ್ ಸೆಲ್ ಇದೆ ಎಂದು ಜಗತ್ತಿಗೆ ತಿಳಿದದ್ದು ಹಾಗೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ಹೆಗ್ಗಡದೇವನಕೋಟೆ, ಕೊಡಗಿನ ಜೇನುಕುರುಬರು, ಎರವರಲ್ಲಿ ಅದೇ ಕಾಯಿಲೆಯಿದೆ. ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬಿಳಿಗಿರಿ ಬೆಟ್ಟದಲ್ಲಿ ಇದರ ತಪಾಸಣೆ ನಡೆಸಿತು. ಕುಡುಗೋಲು ಕಣಗಳು ಗುಲ್ಮದ ಸಂದಿಯಲ್ಲಿ ಸಿಕ್ಕಿ, ರಕ್ತ ಕಟ್ಟಿ, ಅದನ್ನು ಚೂರುಚೂರೇ ಸಾಯಿಸುತ್ತವೆ. ಆಫ್ರಿಕಾದ ಮಕ್ಕಳಲ್ಲಿ ಇದು ಬಲು ಬೇಗ ಆಗುತ್ತದೆ. ನಮ್ಮಲ್ಲಿನ ಬಗೆ ತುಸು ಸೌಮ್ಯ, ಗುಲ್ಮ ಹೆಚ್ಚು ಕಾಲ ಊದಿಕೊಂಡೇ ಉಳಿಯುತ್ತದೆ. ಊದಿದ್ದರೂ ಕೆಲಸ ಮಾಡುತ್ತದೆಂದು ಹೇಳಲಾಗದು. ವಿಚಿತ್ರ ನೋಡಿ, ಒಂದೇ ಪ್ರತಿ ಕುಡುಗೋಲು ವಂಶವಾಹಿ ಇದ್ದವರನ್ನು ಮಲೇರಿಯಾ ಅಷ್ಟಾಗಿ ಕೊಲ್ಲುವುದಿಲ್ಲ. ಕಾಡಿನ ಜ್ವರವೇ ಆ ವಂಶವಾಹಿಯನ್ನು ಆ ಜನರಲ್ಲಿ ಉಳಿಸಿತು. ಗುಲ್ಮವನ್ನು ಊದಿಸಿದ್ದೂ ಅದೇ ಸೊಳ್ಳೆ, ಕೊಲ್ಲುವ ಕಾಯಿಲೆಯನ್ನು ಉಳಿಸಿದ್ದೂ ಅದೇ ಸೊಳ್ಳೆ.

ಪರಿಹಾರವೂ ಈ ಮಕ್ಕಳಿಂದಲೇ ಸಿಕ್ಕಿತು. 1986ರಲ್ಲಿ ಮರಿಲಿನ್ ಗ್ಯಾಸ್ಟನ್ ನೇತೃತ್ವದಲ್ಲಿ ಅಮೆರಿಕದ ಸಿಕಲ್ ಸೆಲ್ ಮಕ್ಕಳಿಗೆ ದಿನಕ್ಕೆರಡು ಸಲ ಪೆನಿಸಿಲಿನ್ ಮಾತ್ರೆ ಕೊಟ್ಟು ನೋಡಿದರು. ನ್ಯೂಮೊಕಾಕಸ್ ಸೋಂಕು ಶೇ 84ರಷ್ಟು ಇಳಿಯಿತು, ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿ ಎಲ್ಲರಿಗೂ ಮಾತ್ರೆ ಕೊಡಬೇಕಾಯಿತು. ಮಾತ್ರೆ ಅಗ್ಗದ್ದು. ಗುಲ್ಮವಿಲ್ಲದ ಮಕ್ಕಳಿಗೆ ಕನಿಷ್ಠ ಐದು ವರ್ಷ ತುಂಬುವವರೆಗೆ, ಶಸ್ತ್ರಚಿಕಿತ್ಸೆ ಆದವರಿಗೆ ಇನ್ನೂ ಕೆಲವು ವರ್ಷ ಇದು ನಡೆಯುತ್ತದೆ. ಪೆನಿಸಿಲಿನ್ ಮಾತ್ರೆ ಅಂಗಡಿಯಲ್ಲಿ ಸಿಗದ ಕಡೆ ವೈದ್ಯರು ಅಮಾಕ್ಸಿಸಿಲಿನ್ ಬರೆಯುತ್ತಾರೆ.

ಇನ್ನೊಂದು ಪರಿಹಾರ ಲಸಿಕೆ. ನ್ಯೂಮೊಕಾಕಸ್ ವಿರುದ್ಧ ರಾಬರ್ಟ್ ಆಸ್ಟ್ರಿಯನ್ ಹಟ ಹಿಡಿದು ಮಾಡಿದ ಲಸಿಕೆಗೆ ಅಮೆರಿಕದಲ್ಲಿ 1977ರಲ್ಲಿ ಪರವಾನಗಿ ಸಿಕ್ಕಿತು. ಆದರೆ ಅದು ಬರೀ ಸಕ್ಕರೆ ಕವಚದ್ದು, ಎರಡು ವರ್ಷದೊಳಗಿನ ಕೂಸುಗಳಿಗೆ ನಾಟುತ್ತಿರಲಿಲ್ಲ. ಸಕ್ಕರೆಯನ್ನು ಪ್ರೋಟೀನಿಗೆ ಕಟ್ಟಿ ಕೂಸಿನ ಮೈಗೆ ಪರಿಚಯಿಸುವ ಉಪಾಯ ಹಿಬ್‌ಗೆ 1980ರ ದಶಕದಲ್ಲಿ, ನ್ಯೂಮೊಕಾಕಸ್‌ಗೆ 2000ದಲ್ಲಿ ಕೈಗೂಡಿತು. ನಮ್ಮ ಸರ್ಕಾರಿ ಲಸಿಕೆ ಪಟ್ಟಿಗೆ ಹಿಬ್ ಸೇರಿದ್ದು ಪೆಂಟಾವಲೆಂಟ್ ಹೆಸರಿನಲ್ಲಿ, 2011ರ ಕೊನೆಗೆ ಕೇರಳ, ತಮಿಳುನಾಡಿನಿಂದ ಶುರುವಾಗಿ ಆಮೇಲೆ ಕರ್ನಾಟಕಕ್ಕೆ. ನ್ಯೂಮೊಕಾಕಸ್‌ನದು 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ದೇಶಕ್ಕೆಲ್ಲ ಬಂತು. ಆಶಾ ಅಕ್ಕ ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ನೆನಪಿಸಿ ಕರೆದುಕೊಂಡು ಹೋಗುವ ಪಿ.ಸಿ.ವಿ. ಅದೇ. ಗುಲ್ಮವಿಲ್ಲದ ಮಗುವಿಗೆ ಇಷ್ಟು ಸಾಲದು. ಎರಡು ವರ್ಷ ದಾಟಿದ ಮೇಲೆ 23 ಬಗೆಯ ನ್ಯೂಮೊಕಾಕಸ್ ಲಸಿಕೆ, ಮೆನಿಂಗೊಕಾಕಸ್‌ನದು, ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಬೇಕು. ಅವು ಸಾಮಾನ್ಯ ಲಸಿಕೆ ಪಟ್ಟಿಯಲ್ಲಿಲ್ಲ, ಕೊಂಡೇ ಹಾಕಿಸಬೇಕು, ಬೆಲೆಯೂ ಸಾವಿರಗಳಲ್ಲಿ. ಥಲಸ್ಸೀಮಿಯಾ, ಸಿಕಲ್ ಸೆಲ್ ಎರಡನ್ನೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಗೆ ಸೇರಿಸಿದ್ದೇವೆ, 2023ರಲ್ಲಿ ಸಿಕಲ್ ಸೆಲ್ ನಿರ್ಮೂಲನೆಗೆಂದು ರಾಷ್ಟ್ರೀಯ ಅಭಿಯಾನವನ್ನೂ ಹೂಡಿದ್ದೇವೆ. ಈ ಎರಡು ಮೂರು ಲಸಿಕೆಗಳನ್ನು ಗುಲ್ಮ ತೆಗೆದ ಪ್ರತಿ ಮಗುವಿಗೂ ತಾಲ್ಲೂಕು ಆಸ್ಪತ್ರೆಯಲ್ಲೇ ಪುಕ್ಕಟೆ ಕೊಟ್ಟರೆ ಬೊಕ್ಕಸ ಬರಿದಾಗದು. ಅಂಥ ಮಕ್ಕಳು ಒಂದು ತಾಲ್ಲೂಕಿಗೆ ಎಷ್ಟು ಮಂದಿ ಇದ್ದಾರು?

ದೊಡ್ಡಪ್ಪನ ಗುಲ್ಮ ಇಳಿದದ್ದು ಬರೆಯಿಂದಲ್ಲ. ಬೆಂಕಿ ತಾಕಿದ್ದು ಚರ್ಮಕ್ಕೆ, ಒಳಗಿನ ಗುಲ್ಮಕ್ಕೆ ಸುದ್ದಿಯೂ ಮುಟ್ಟಿರಲಿಕ್ಕಿಲ್ಲ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಡಿ.ಡಿ.ಟಿ. ಸಿಂಪಡಿಸುವವರು ಮನೆಮನೆಯ ಗೋಡೆಗೆ ಬಿಳಿ ಬಳಿದು ಬಾಗಿಲ ಮೇಲೆ ತಾರೀಖು ಬರೆದು ಹೋದರು. ಜ್ವರ ಕಡಿಮೆಯಾಯಿತು, ಗುಲ್ಮ ತಾನಾಗಿ ಪಕ್ಕೆಯ ಮರೆಗೆ ಸರಿಯಿತು. ಅವರು ಎಂಬತ್ತು ದಾಟಿ ಬದುಕಿದರು. ಬರೆಯೆಳೆದ ಕೈಗೆ ಗುಲ್ಮ ಕಿತ್ತುಹಾಕುವ ವಿದ್ಯೆ ಗೊತ್ತಿರಲಿಲ್ಲ, ಅದು ಅವರ ಪುಣ್ಯ.

ಈಗ ನಮ್ಮ ಊರುಗಳಲ್ಲಿರುವ ಗುಲ್ಮವಿಲ್ಲದ ಮಕ್ಕಳು ಬೇರೆಯವರು. ಥಲಸ್ಸೀಮಿಯಾಕ್ಕೆ ತೆಗೆಸಿಕೊಂಡವರು, ಮರದಿಂದ ಬಿದ್ದೋ ಅಪಘಾತದಲ್ಲೋ ಕಳೆದುಕೊಂಡವರು. ನೋಡಿದರೆ ಏನೂ ತಿಳಿಯುವುದಿಲ್ಲ, ಹೊಟ್ಟೆಯ ಮೇಲೆ ಹೊಲಿಗೆಯ ಗುರುತು ಬಿಟ್ಟರೆ. ಶಸ್ತ್ರಚಿಕಿತ್ಸೆ ಮೊದಲೇ ಗೊತ್ತಿದ್ದರೆ ಎರಡು ವಾರ ಮುಂಚೆ, ತುರ್ತಿನಲ್ಲಿ ಆಗಿದ್ದರೆ ಎರಡು ವಾರದ ಬಳಿಕ ಲಸಿಕೆ ಹಾಕಿಸಬೇಕು. ನಾಯಿ ಕಚ್ಚಿದರೆ ರೇಬೀಸ್ ಚುಚ್ಚುಮದ್ದಿನ ಜೊತೆಗೆ ಆಂಟಿಬಯೋಟಿಕ್ಕೂ ಬೇಕು, ನಾಯಿಯ ಬಾಯಲ್ಲಿರುವ ಒಂದು ಕ್ರಿಮಿ ಗುಲ್ಮವಿಲ್ಲದವರಿಗೆ ಮಾರಕ. ಮಲೇರಿಯಾ ಇರುವ ಕಡೆಗೆ ಹೋಗುವಾಗ ವೈದ್ಯರನ್ನು ಕೇಳಿಯೇ ಹೋಗಬೇಕು. ಲಸಿಕೆ, ಮಾತ್ರೆ ಎಲ್ಲ ಇದ್ದರೂ ಅಪಾಯ ಪೂರ್ತಿ ಹೋಗುವುದಿಲ್ಲ, ವಯಸ್ಸಾದ ಮೇಲೂ ಉಳಿದಿರುತ್ತದೆ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಂಥ ಮಗುವಿದ್ದರೆ ಒಂದು ಚೀಟಿಯಲ್ಲಿ ‘ಗುಲ್ಮ ತೆಗೆದಿದೆ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿ ಶಾಲೆಯ ಚೀಲದಲ್ಲಿಡಿ, ಮೇಷ್ಟ್ರಿಗೂ ತಿಳಿಸಿ. ಮೈ ಬಿಸಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ತುಮಕೂರೋ ಕುಣಿಗಲ್ಲೋ ಯಾವುದು ಹತ್ತಿರವೋ ಆ ಆಸ್ಪತ್ರೆಗೆ ಹೊರಡಿ. ಅಲ್ಲಿ ಡಾಕ್ಟರು ಜ್ವರ ಯಾವಾಗಿನಿಂದ ಎಂದು ಕೇಳುವ ಮೊದಲೇ ನೀವು ಹೇಳಬೇಕಾದ ಮಾತು ಒಂದೇ: ‘ಸಾರ್, ಈ ಮಗುವಿಗೆ ಗುಲ್ಮ ಇಲ್ಲ.’